ಪಾಡಾದ ಪೂಜೆ, ನಮ್ಮ ಮನೆಯ ಹಬ್ಬ



ಇನ್ನು ಕೆಲವೇ ದಿನಗಳಲ್ಲಿ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಅದು ಹಿರಿಯರಿಗೆ ಎಡೆ ಇಡುವ ದಿನ. ಇಲ್ಲಿಯೂ ಗಂಗೆಯ ಘಾಟುಗಳಲ್ಲಿ ತರ್ಪಣ ಬಿಡುವವರು ಬೆಳಗಾಗುವ ಮೊದಲೇ ಸೇರುತ್ತಾರೆ. ಆದರೆ ಕೋಲ್ಕತ್ತದಲ್ಲಿ ಆ ದಿನ ಶುರುವಾಗುವುದೇ ರೇಡಿಯೋದಿಂದ. ಬೆಳಗಿನ ಜಾವ ನಾಲ್ಕು ಗಂಟೆಗೆ ವೀರೇಂದ್ರಕೃಷ್ಣ ಭದ್ರರ ಧ್ವನಿಯಲ್ಲಿ ‘ಮಹಿಷಾಸುರಮರ್ದಿನಿ’. ವಾಣೀಕುಮಾರರ ರಚನೆ, ಪಂಕಜ್ ಮಲ್ಲಿಕರ ಸಂಗೀತ. 1930ರ ದಶಕದಿಂದ ಈ ಊರಿನ ಕಿವಿಯಲ್ಲಿರುವ ಕಾರ್ಯಕ್ರಮ ಅದು. 1976ರಲ್ಲಿ ಆಕಾಶವಾಣಿ ಅದನ್ನು ಬದಲಿಸಿ, ಜನಪ್ರಿಯ ನಟ ಉತ್ತಮ್ ಕುಮಾರರ ಧ್ವನಿಯಲ್ಲಿ ಹೊಸ ಕಾರ್ಯಕ್ರಮ ಕೊಟ್ಟು ನೋಡಿತು. ಅಷ್ಟು ದೊಡ್ಡ ನಟನಾದರೂ ಜನ ಒಪ್ಪಲಿಲ್ಲ. ಹಳೆಯ ಧ್ವನಿಯನ್ನೇ ವಾಪಸು ತರಬೇಕಾಯಿತು. ರೇಡಿಯೋ ಕೇಳುವ ಅಭ್ಯಾಸವಿರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ನಿಜವನ್ನೂ ಒಪ್ಪಿಕೊಳ್ಳಬೇಕು. ಈ ಊರಿಗೆ ಬಂದ ಮೊದಲ ನಾಲ್ಕು ವರ್ಷ, ಆ ಧ್ವನಿ ಅಕ್ಕಪಕ್ಕದ ಮನೆಗಳಿಂದ ಕೇಳಿಬಂದಾಗ ನಾನು ಎದ್ದು ಕಿಟಕಿ ಮುಚ್ಚಿ ಮತ್ತೆ ಮಲಗುತ್ತಿದ್ದೆ.

ನಾವು ಬಂದದ್ದು 1994ರಲ್ಲಿ. ಊರಿಗೆ ಆಗಿನ್ನೂ ಕಲ್ಕತ್ತಾ ಎಂದೇ ಹೆಸರು. ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗ. ಲೇಕ್ ಮಾರ್ಕೆಟ್ ಹತ್ತಿರ ಮೂರನೇ ಮಹಡಿಯಲ್ಲಿ ಮನೆ. ಆ ಮಾರುಕಟ್ಟೆ ನಿಮಗೆ ಗೊತ್ತೇ ಇದೆ. ಬಾಳೆ ಎಲೆ, ಕರಿಬೇವು, ಕಾಫಿ ಪುಡಿ, ಮಲ್ಲಿಗೆ ಮೊಗ್ಗು ಎಲ್ಲವೂ ಸಿಗುತ್ತವೆ. ತಿಂಗಳಿಗೊಮ್ಮೆ ಯಾರಾದರೂ ಕನ್ನಡದವರ ಮನೆಯಲ್ಲಿ ಸೇರುವುದು, ಗೌರಿ ಹಬ್ಬ, ವರಮಹಾಲಕ್ಷ್ಮಿ, ನವೆಂಬರಿನಲ್ಲಿ ರಾಜ್ಯೋತ್ಸವ. ಇಷ್ಟಿದ್ದರೆ ಸಾಕು, ಪರಸ್ಥಳ ಅನ್ನಿಸುವುದಿಲ್ಲ ಎಂದುಕೊಂಡಿದ್ದೆ. ಪೂಜೆಯ ರಜೆ ಬಂದ ಕೂಡಲೇ ರೈಲು ಹತ್ತಿ ಊರಿಗೆ ಹೋಗಿಬಿಡುತ್ತಿದ್ದೆವು. ಪಾಡಾದ ಹುಡುಗರು ಚಂದಾ ಕೇಳಲು ಬಂದರೆ ಬಾಗಿಲು ಅರ್ಧ ತೆರೆದು, ಹಣ ಕೊಟ್ಟು, ರಸೀದಿ ತೆಗೆದುಕೊಂಡು ಬಾಗಿಲು ಹಾಕುತ್ತಿದ್ದೆ. ಪಾಡಾ ಎಂದರೆ ನಮ್ಮ ಕೇರಿ, ಓಣಿ ಇದ್ದ ಹಾಗೆ. ಅವರು “ಬೌದಿ, ಅಷ್ಟಮಿಗೆ ಬನ್ನಿ, ಭೋಗ್ ಇದೆ” ಎಂದು ಪ್ರತಿ ವರ್ಷ ಕರೆಯುತ್ತಿದ್ದರು. ಬೌದಿ ಎಂದರೆ ಅತ್ತಿಗೆ. ನಾನು ತಲೆಯಾಡಿಸುತ್ತಿದ್ದೆ, ಅಷ್ಟೇ.

ಊಟದ ಅಂಜಿಕೆಯೂ ಇತ್ತೆನ್ನಿ. ನವರಾತ್ರಿಯಲ್ಲಿ ಮೀನು ಮಾಂಸ ತಿನ್ನುತ್ತಾರಂತೆ ಎಂದು ನಮ್ಮವರೇ ಹೇಳಿ ಹೆದರಿಸಿದ್ದರು. ಪೆಂಡಾಲಿನಲ್ಲಿ ಎಲ್ಲರನ್ನೂ ಕೂರಿಸಿ ಬಡಿಸುವ ಭೋಗಕ್ಕೆ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ ಎಂದು ತಿಳಿದದ್ದು ಆಮೇಲೆ. ಹುರಿದ ಹೆಸರುಬೇಳೆ, ಸಣ್ಣ ಅಕ್ಕಿ, ತುಪ್ಪ ಹಾಕಿದ ಖಿಚುಡಿ, ನಾಲ್ಕಾರು ತರಕಾರಿ ಬೆರೆಸಿದ ಲಾಬಡಾ, ಟೊಮೆಟೊ ಚಟ್ನಿ, ಪಾಯಸ. ನಮ್ಮ ಹುಗ್ಗಿಯ ಮನೆಗೂ ಅವರ ಖಿಚುಡಿಯ ಮನೆಗೂ ಬಹಳ ದೂರವಿಲ್ಲ.

1998ರಲ್ಲಿ ನಮ್ಮ ಮಾವನವರು ತೀರಿಕೊಂಡರು. ಹಾಸನದ ಮನೆಗೆ ಬೀಗ ಹಾಕಿ ಅತ್ತೆಯನ್ನು ಕರೆದುಕೊಂಡು ಬಂದೆವು. ಅತ್ತೆಗೆ ಬಂಗಾಳಿ ಬಾರದು, ಹಿಂದಿಯೂ ಬಾರದು. ಹಗಲೆಲ್ಲ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಟ್ರಾಮು ನೋಡುತ್ತಿದ್ದರು. ಆ ವರ್ಷ ಗೌರಿ ಹಬ್ಬಕ್ಕೆ ನಮ್ಮ ಕನ್ನಡದ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಅವರು ಬರುವ ಹೊತ್ತಿಗೆ ಅತ್ತೆ ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. “ಇದು ನಾನು ಕೂತ್ಕೊಳ್ಳೋ ಜಾಗ ಅಲ್ಲ ಕಣೇ” ಎಂದರು. ನಾನು ಏನೂ ಹೇಳಲಿಲ್ಲ. ಬಂದವರೂ ಏನೂ ಕೇಳಲಿಲ್ಲ. ಎಲ್ಲರಿಗೂ ಅದು ಸರಿಯೆಂದೇ ತೋರಿತ್ತು. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ; ಸುಮ್ಮನಿದ್ದವರಲ್ಲಿ ನಾನೂ ಒಬ್ಬಳು.

ಅತ್ತೆಯ ಆರೋಗ್ಯದಿಂದಾಗಿ ಆ ಸಲ ಪೂಜೆಯ ರಜೆಗೆ ಊರಿಗೆ ಹೋಗಲಾಗಲಿಲ್ಲ. ಸಪ್ತಮಿಯ ಬೆಳಗ್ಗೆ ಢಾಕ್ ಬಾರಿಸುವ ಸದ್ದಿಗೆ ಅತ್ತೆ ಎದ್ದು ಕೂತರು. ಈ ಢಾಕಿಗಳು ಹಳ್ಳಿಗಳಿಂದ ಬರುವವರು. ಪೂಜೆಗೆ ಮುಂಚೆ ಸಿಯಾಲ್ದಾ ನಿಲ್ದಾಣದ ಹೊರಗೆ ಡೋಲು ಹಿಡಿದು ಕಾಯುತ್ತಿರುತ್ತಾರೆ. ಪೂಜೆಯ ಸಮಿತಿಯವರು ಅಲ್ಲಿಗೇ ಹೋಗಿ ಮಾತಾಡಿ ಕರೆತರುತ್ತಾರೆ. “ನಮ್ಮೂರ ಜಾತ್ರೆ ಡೋಲಿನ ಹಾಗೇ ಇದೆ, ನೋಡ್ಕೊಂಡು ಬರೋಣ ನಡಿ” ಎಂದರು ಅತ್ತೆ. ಕೆಳಗಿಳಿದು ಹೋದೆವು.

ಮೂರ್ತಿಯ ಮುಂದೆ ಅತ್ತೆ ಬಹಳ ಹೊತ್ತು ನಿಂತರು. ನಮ್ಮ ಕಡೆಯವರಿಗೆ ಮಹಿಷನನ್ನು ಕೊಂದವಳೆಂದರೆ ಚಾಮುಂಡಿ, ಬೆಟ್ಟದ ತಾಯಿ. ಇಲ್ಲಿ ಅದೇ ತಾಯಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಿದ್ದಾಳೆ. ಲಕ್ಷ್ಮಿ, ಸರಸ್ವತಿ, ಗಣಪತಿ, ಕಾರ್ತಿಕೇಯ. ಗಣಪತಿಯ ಪಕ್ಕದಲ್ಲಿ ಸೀರೆ ಉಡಿಸಿದ ಒಂದು ಬಾಳೆಗಿಡ. ಅದು ನವಪತ್ರಿಕೆ, ಒಂಬತ್ತು ಗಿಡಗಳ ಕಟ್ಟು. ಜನ ಮಾತ್ರ ಅದನ್ನು ‘ಕೊಲಾ ಬೌ’, ಬಾಳೆ ಸೊಸೆ, ಗಣಪತಿಯ ಹೆಂಡತಿ ಎನ್ನುತ್ತಾರೆ. ಬಂಗಾಳದವರ ಪಾಲಿಗೆ ಉಮೆ ಮನೆಮಗಳು. ಕೈಲಾಸದಿಂದ ತವರಿಗೆ ಬರುತ್ತಾಳೆ, ದಶಮಿಗೆ ಗಂಡನ ಮನೆಗೆ ಹೊರಡುತ್ತಾಳೆ. ನಾನು ಇದನ್ನು ವಿವರಿಸಿದಾಗ ಅತ್ತೆ, “ಹಾಗಾದ್ರೆ ಇವಳು ನಮ್ಮ ಗೌರೀನೇ” ಎಂದುಬಿಟ್ಟರು. ನೀವೂ ಯೋಚಿಸಿ ನೋಡಿ. ಭಾದ್ರಪದ ತದಿಗೆಗೆ ನಮ್ಮ ಗೌರಿ ತವರಿಗೆ ಬರುತ್ತಾಳೆ. ಮಾರನೆಯ ದಿನ ಅವಳನ್ನು ಕರೆದೊಯ್ಯಲು ಮಗ ಬರುತ್ತಾನೆ. ಮಡಿಲಕ್ಕಿ ತುಂಬಿ ಕಳಿಸುತ್ತೇವೆ. ಇಲ್ಲಿ ದಶಮಿಯ ದಿನ ಹೆಂಗಸರು ದೇವಿಯ ಮುಖವನ್ನು ವೀಳ್ಯದೆಲೆಯಿಂದ ಒರೆಸಿ, ಬಾಯಿಗೆ ಸಿಹಿ ಮುಟ್ಟಿಸಿ ಕಳಿಸುತ್ತಾರೆ. ಒಂದೇ ಹೆಣ್ಣು ಎರಡು ತವರಿಗೆ ಒಂದೊಂದು ತಿಂಗಳಲ್ಲಿ ಬಂದ ಹಾಗೆ.

ಪೆಂಡಾಲಿನ ಹಿಂದೆ ಹತ್ತಾರು ಹೆಂಗಸರು ನೆಲದ ಮೇಲೆ ಕೂತು ಮರುದಿನದ ಭೋಗಕ್ಕೆ ತರಕಾರಿ ಹೆಚ್ಚುತ್ತಿದ್ದರು. ಅವರು ಕೂತದ್ದು ಬೊಂಟಿಯ ಮುಂದೆ. ನೋಡಿದವರಿಗೆ ಗೊತ್ತು, ಬೊಂಟಿ ಎಂದರೆ ನಮ್ಮ ಈಳಿಗೆಮಣೆಯೇ. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ನಿಂತ ಅಲಗಿಗೆ ಎರಡೂ ಕೈಯಿಂದ ತರಕಾರಿ ಒತ್ತಬೇಕು. ಕಲ್ಕತ್ತಾಕ್ಕೆ ಬಂದ ಮೇಲೆ ನನ್ನ ಅಡುಗೆಮನೆಯಲ್ಲಿ ಅತ್ತೆಗೆ ಈಳಿಗೆ ಕಂಡಿರಲಿಲ್ಲ. ನಾನು ಚಾಕು ಹಿಡಿಯುವವಳು. ಒಂದು ಬೊಂಟಿ ಖಾಲಿ ಇತ್ತು. ಅತ್ತೆ ಯಾರನ್ನೂ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೂತು, ಪಕ್ಕದಲ್ಲಿದ್ದ ಕುಂಬಳಕಾಯಿ ಎಳೆದುಕೊಂಡರು. ನನಗೆ ಎದೆ ಹಾರಿತು. ಪೂಜೆಯ ಕೆಲಸ, ಮಡಿ ಮೈಲಿಗೆ ಏನೇನು ನಿಯಮವೋ, ಯಾರಾದರೂ ಎಬ್ಬಿಸಿಬಿಟ್ಟರೆ? ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಅತ್ತೆಯ ಕೈಚಳಕವನ್ನು ಸ್ವಲ್ಪ ಹೊತ್ತು ನೋಡಿದರು. ಬಿಳಿ ಸೀರೆ, ಅವರೂ ಗಂಡನನ್ನು ಕಳೆದುಕೊಂಡವರು. ಆಮೇಲೆ “ಕುಮ್ಡೋ” ಎಂದು ಬೆರಳು ತೋರಿಸಿದರು. ಅತ್ತೆ “ಕುಂಬಳ” ಎಂದರು. ಇಬ್ಬರೂ ನಕ್ಕರು. “ಬೇಗುನ್” ಎಂದರೆ “ಬದನೆ”. ಹನ್ನೊಂದು ಗಂಟೆಯವರೆಗೆ ಅವರ ಮಾತು ಹೀಗೇ ನಡೆಯಿತು. ಒಲೆಯ ಹತ್ತಿರ ಹೋಗುವುದಕ್ಕೆ ಅವರದೇ ನಿಯಮಗಳಿದ್ದವು, ಅಲ್ಲಿಗೆ ಯಾರೂ ಕರೆಯಲಿಲ್ಲ. ಆದರೆ ಮರುದಿನ ಬೆಳಗ್ಗೆ ಒಬ್ಬ ಹುಡುಗ ಮೂರು ಮಹಡಿ ಹತ್ತಿ ಬಂದು, “ಮಾಶಿಮಾ ಎಲ್ಲಿ? ಕೆಳಗೆ ಕರೆಯುತ್ತಿದ್ದಾರೆ” ಎಂದ. ನಾಲ್ಕು ವರ್ಷದಿಂದ ಅರ್ಧವೇ ತೆರೆಯುತ್ತಿದ್ದ ಬಾಗಿಲು ಅದು.

ಬಂಗಾಳದವರದು ಎಲ್ಲವೂ ಒಳ್ಳೆಯದು, ನಮ್ಮದೆಲ್ಲ ಕೆಟ್ಟದ್ದು ಎಂದು ಹೇಳಲು ನಾನು ಬಂದಿಲ್ಲ. ದಶಮಿಯ ಮಧ್ಯಾಹ್ನ ಮುತ್ತೈದೆಯರು ದೇವಿಗೆ ಸಿಂಧೂರ ಹಚ್ಚಿ, ಒಬ್ಬರಿಗೊಬ್ಬರು ಕೆನ್ನೆಗೆ ಬಳಿದುಕೊಂಡರು. ಅತ್ತೆ ಮತ್ತು ಆ ಬಿಳಿ ಸೀರೆಯವರು ದೂರದಲ್ಲಿ ಕಂಬದ ಪಕ್ಕ ನಿಂತಿದ್ದರು. ಅಲ್ಲಿಯೂ ಒಂದು ಒಳಗಿನ ಕೋಣೆ ಇತ್ತು. ಇತ್ತೀಚಿನ ವರ್ಷಗಳಲ್ಲಿ ಕೆಲವು ಕಡೆ ಗಂಡನಿಲ್ಲದವರನ್ನೂ ಈ ಸಿಂಧೂರದಾಟಕ್ಕೆ ಕರೆಯುತ್ತಿದ್ದಾರೆ. ಆಗ ನಮ್ಮ ಪಾಡಾದಲ್ಲಿ ಹಾಗಿರಲಿಲ್ಲ.

ಆದರೆ ಅದೇ ರಾತ್ರಿ ಇನ್ನೊಂದನ್ನು ಕಂಡೆ. ಮೂರ್ತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಬಿಜೊಯಾ ಶುರುವಾಗುತ್ತದೆ. ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ, ಚಿಕ್ಕವರು ಹಿರಿಯರಿರುವ ಮನೆಗಳಿಗೆ ಹೋಗಿ ಕಾಲು ಮುಟ್ಟುತ್ತಾರೆ, ಹಿರಿಯರು ಸಿಹಿ ಕೊಡುತ್ತಾರೆ. ನಮ್ಮ ಮನೆಗೂ ಬಂದರು, ಹದಿನೈದು ಇಪ್ಪತ್ತು ಜನ. ಎಲ್ಲರೂ ಅತ್ತೆಯ ಕಾಲಿಗೇ. ಈ ನಮಸ್ಕಾರ ವಯಸ್ಸಿಗೆ ಸಲ್ಲುವುದು. ಹಣೆಯಲ್ಲಿ ಕುಂಕುಮ ಇದೆಯೇ ಇಲ್ಲವೇ ಎಂದು ಯಾರೂ ನೋಡುವುದಿಲ್ಲ. ಮನೆಯಲ್ಲಿ ಸಿಹಿ ಇರಲಿಲ್ಲ. ಬಿಳಿ ಸೀರೆಯವರು ತಮ್ಮ ಮನೆಯಿಂದ ಒಂದು ಡಬ್ಬಿ ತಂದುಕೊಟ್ಟರು. ಬೆಲ್ಲ ತೆಂಗಿನಕಾಯಿಯ ಉಂಡೆ. ಅದಕ್ಕೆ ಇಲ್ಲಿ ‘ನಾಡು’ ಎನ್ನುತ್ತಾರೆ. ಅತ್ತೆಗೆ ಆ ಹೆಸರು ಕೇಳಿ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಬ್ಬೊಬ್ಬರ ಕೈಗೂ ಒಂದೊಂದು ನಾಡು ಇಟ್ಟರು. ನಮ್ಮಲ್ಲಿ ಉತ್ತರ ಕರ್ನಾಟಕದ ಕಡೆಯವರಿದ್ದರೆ ನಿಮಗೆ ಇದು ಹೊಸದಲ್ಲ. ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಹಿರಿಯರ ಕಾಲಿಗೆ ಬಿದ್ದು, ಬಂಗಾರದಂತೆ ಇರೋಣ ಎನ್ನುವವರಲ್ಲವೇ ನೀವು?

ಮರುವರ್ಷ ಗೌರಿ ಹಬ್ಬಕ್ಕೆ ಹೆಂಗಸರು ಬರುವ ಹೊತ್ತಿಗೆ ಅತ್ತೆ ಎದ್ದರು. ನಾನು ಕೈಹಿಡಿದು ಕೂರಿಸಿದೆ. ಮೊದಲ ತಾಂಬೂಲವನ್ನು ಅವರಿಗೇ ಕೊಟ್ಟೆ. ಕೋಣೆ ಒಂದು ಗಳಿಗೆ ಮೌನವಾಯಿತು. ಇಬ್ಬರು ಮುಖ ಮುಖ ನೋಡಿಕೊಂಡರು. ಆಮೇಲೆ ನಮ್ಮ ಗುಂಪಿನ ಹಿರಿಯರೊಬ್ಬರು ಎದ್ದು ಬಂದು ಅತ್ತೆಗೆ ನಮಸ್ಕಾರ ಮಾಡಿದರು. ಉಳಿದವರೂ ಮಾಡಿದರು. ಮುಂದಿನ ವರ್ಷ ಒಬ್ಬರು ನಮ್ಮ ಮನೆಗೆ ಬರಲಿಲ್ಲ, ಅದನ್ನೂ ಹೇಳಬೇಕು. ಅದಾದ ಮೇಲೆ ಅತ್ತೆ ಹನ್ನೆರಡು ಪೂಜೆಗಳಿಗೆ ತರಕಾರಿ ಹೆಚ್ಚಿದರು. ಅಷ್ಟೂ ಗೌರಿ ಹಬ್ಬಗಳಲ್ಲಿ ಹಾಲಿನಲ್ಲೇ ಕೂತರು.

ಕೇಳುಗರೇ, ಇದನ್ನು ಈ ಹೊತ್ತು ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬಹಳ ಜನ ಈಗಾಗಲೇ ಪೂಜೆಯ ರಜೆಗೆ ಟಿಕೆಟ್ ಮಾಡಿಸಿದ್ದೀರಿ. ಇರುವವರು ದೊಡ್ಡ ದೊಡ್ಡ ಪೆಂಡಾಲುಗಳನ್ನು ರಾತ್ರಿಯಿಡೀ ಸುತ್ತಿ ಬರುತ್ತೀರಿ. ಸುತ್ತಿ ಬನ್ನಿ, ತಪ್ಪಲ್ಲ. 2021ರಲ್ಲಿ ಯುನೆಸ್ಕೋ ಕೋಲ್ಕತ್ತದ ದುರ್ಗಾಪೂಜೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಬೇಕಾದ್ದೇ. ಆದರೆ ಸಾಲಿನಲ್ಲಿ ನಿಂತು ನೋಡಿ ಬಂದವರು ಪ್ರವಾಸಿಗಳು. ಈ ಊರಿನವರಾಗುವುದು ನಿಮ್ಮ ಮನೆಯ ಕೆಳಗಿನ ಸಣ್ಣ ಪೂಜೆಯಲ್ಲಿ.

ಹೀಗೆ ಬಂದು ಬೆರೆತವರಲ್ಲಿ ನಾವು ಮೊದಲಿಗರೂ ಅಲ್ಲ. 11-12ನೇ ಶತಮಾನದಲ್ಲಿ ಬಂಗಾಳ ಆಳಿದ ಸೇನರು ತಮ್ಮ ಶಾಸನದಲ್ಲಿ ಕರ್ಣಾಟ ಮೂಲವನ್ನು ಹೇಳಿಕೊಂಡಿದ್ದಾರೆ. ಈಗ ಅವರನ್ನು ಬಂಗಾಳದ ಅರಸರು ಎನ್ನದೆ ಯಾರೂ ಬೇರೇನೂ ಅನ್ನುವುದಿಲ್ಲ. ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದದ್ದು ನೂರು ವರ್ಷಗಳಿಗೂ ಹಿಂದೆ. ಕುವೆಂಪು ಅವರು 1929ರಲ್ಲಿ ಇಲ್ಲಿಯ ಬೇಲೂರು ಮಠಕ್ಕೆ ಬಂದು ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಯುವಕ ರವೀಂದ್ರರು ನಮ್ಮ ಕಾರವಾರದ ಕಡಲ ತೀರದಲ್ಲಿ ಕೂತು ನಾಟಕ ಬರೆದರು. ಈ ದಾರಿಯಲ್ಲಿ ಎರಡೂ ಕಡೆಯಿಂದ ಜನ ಓಡಾಡಿದ್ದಾರೆ.

ಹಾಗಾಗಿ ಒಂದು ಸಣ್ಣ ಕೋರಿಕೆ. ಈ ಸಲ ಚಂದಾಕ್ಕೆ ಹುಡುಗರು ಬಂದಾಗ ಬಾಗಿಲು ಪೂರ್ತಿ ತೆಗೆಯಿರಿ. ಭೋಗದ ತರಕಾರಿ ಎಷ್ಟು ಹೊತ್ತಿಗೆ ಹೆಚ್ಚುತ್ತೀರಿ ಎಂದು ಕೇಳಿ. ಈಗ ಹಲವು ಕಡೆ ಅಡುಗೆಯನ್ನು ಗುತ್ತಿಗೆಗೆ ಕೊಡುತ್ತಾರೆ, ನಿಜ. ಹಾಗಿದ್ದರೆ ಹೂ ಕಟ್ಟುವ ಕೆಲಸವೋ, ಸಂಧಿಪೂಜೆಗೆ 108 ದೀಪ ಜೋಡಿಸುವ ಕೆಲಸವೋ ಇದ್ದೇ ಇರುತ್ತದೆ. ಮನೆಯಲ್ಲಿ ಊರಿನಿಂದ ಬಂದ ತಾಯಿಯೋ ಅತ್ತೆಯೋ ಇದ್ದರೆ ಅವರನ್ನೇ ಮೊದಲು ಕರೆದುಕೊಂಡು ಹೋಗಿ. ಭಾಷೆ ಬಾರದು ಎಂದು ಹಿಂಜರಿಯಬೇಡಿ, ಕುಂಬಳಕಾಯಿ ಇದೆಯಲ್ಲ.

ಮತ್ತೆ ನಮ್ಮ ಯುಗಾದಿಗೆ ಅವರನ್ನು ಕರೆಯಿರಿ. ಚೈತ್ರದಲ್ಲಿ ಎಳೆ ಬೇವಿನೆಲೆಯನ್ನು ಬದನೆಕಾಯಿಯ ಜೊತೆ ಹುರಿದು ತಿನ್ನುವ ಜನ ಅವರು. ಬೇವಿನ ಕಹಿಯನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಜೊತೆಗೆ ಬೆಲ್ಲ ಯಾಕೆ ಎಂಬುದನ್ನು ಮಾತ್ರ ಹೇಳಿದರೆ ಸಾಕು.

ಮಹಾಲಯದ ಬೆಳಗಿನ ಜಾವ ನಾನು ಈಗ ಕಿಟಕಿ ತೆರೆದು ಕೂರುತ್ತೇನೆ. ಅಡುಗೆಮನೆಯಲ್ಲಿ ಅತ್ತೆಗೆಂದು ತಂದ ಬೊಂಟಿ ಇನ್ನೂ ಇದೆ. ಸಪ್ತಮಿಗೆ ಅದನ್ನು ಹಿಡಿದುಕೊಂಡು ಕೆಳಗಿಳಿಯುತ್ತೇನೆ. ಅತ್ತೆಯಷ್ಟು ಚೆನ್ನಾಗಿ ಹೆಚ್ಚಲು ಇನ್ನೂ ಬಂದಿಲ್ಲ.