ಉಚಿತ, ಬಹುಮಾನ, ಅದೃಷ್ಟ
(ವಾಶಿಯಲ್ಲಿ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಹೋಟೇಲಿನ ಪಾಳಿ ಮುಗಿಸಿ ಬಂದವರಿಗೆ ಪದಗಳ ಅರ್ಥ ಹೇಳಲು ಹೊರಟಿದ್ದೇವೆಂದು ನಗಬೇಡಿ. ಕಳೆದ ಚೌತಿಯ ಮುಂಚೆ ನಮ್ಮ ಹುಡುಗನೊಬ್ಬನಿಗೆ ಅಂಚೆಯಲ್ಲಿ ಒಂದು ಚೀಟಿ ಬಂತು. ಉಜ್ಜಿ ನೋಡಿದರೆ ಕಾರು! ಅದನ್ನು ಪಡೆಯಲು ಮೊದಲು 'ತೆರಿಗೆ' ಕಟ್ಟಬೇಕೆಂದರು, ಕಟ್ಟಿದ. ಆಮೇಲೆ 'ಸಾಗಣೆ ಖರ್ಚು' ಎಂದರು, ಅದನ್ನೂ ಕಟ್ಟಿದ. ಊರಿನ ಮನೆಯ ಮಾಡು ಸರಿಮಾಡಿಸಲು ಕೂಡಿಟ್ಟ ಹಣವೆಲ್ಲ ಹೋಯಿತು. ಓದುಬರಹ ಬಲ್ಲವನೇ. ಚೀಟಿಯ ಮೇಲಿನ ಒಂದು ಮಾತೂ ಅವನಿಗೆ ಹೊಸದಲ್ಲ. ಗೊತ್ತಿದ್ದ ಮಾತುಗಳಿಂದಲೇ ಮೋಸ ಹೋದ.

'ಉಚಿತ' ಎಂದರೆ ಮೂಲದಲ್ಲಿ ಯೋಗ್ಯವಾದದ್ದು, ತಕ್ಕುದು. 'ಸಮಯೋಚಿತ' ಎನ್ನುವಾಗ ಇಂದಿಗೂ ಆ ಅರ್ಥವೇ. ಪುಕ್ಕಟೆ ಎಂಬರ್ಥ ಆಮೇಲೆ ಬಂದು ಸೇರಿತು. 'ಎರಡು ಕೊಂಡರೆ ಒಂದು ಉಚಿತ' ಎಂಬಲ್ಲಿ ಮೂರನೆಯದರ ಬೆಲೆ ಎಷ್ಟೋ ವೇಳೆ ಮೊದಲೆರಡರಲ್ಲೇ ಅಡಗಿರುತ್ತದೆ. ಇಡ್ಲಿಯೊಡನೆ ಚಟ್ನಿ 'ಫ್ರೀ' ಬಡಿಸುವ ನಮಗೆ ಈ ಲೆಕ್ಕ ತಿಳಿಯದೇ? ತೆಂಗಿನಕಾಯಿಯ ದುಡ್ಡು ಗಲ್ಲಾದಿಂದಲೇ ಹೋಗಬೇಕಷ್ಟೆ. ಹೀಗೆ ಬೆಲೆಯಲ್ಲಿ ಸೇರಿಸಿಕೊಂಡು ಪುಕ್ಕಟೆಯೆಂದು ತೋರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ಉಚಿತವೇ ಅನುಚಿತ!

'ಬಹುಮಾನ' ಎಂದರೆ ಹೆಚ್ಚಿನ ಗೌರವ. ಪಾರಸಿಯಿಂದ ಬಂದ 'ಬಕ್ಷೀಸು' ನಮಗೆ ಇನ್ನೂ ಹತ್ತಿರದ ಮಾತು. ಬಕ್ಷೀಸು ಇಡುವ ಗಿರಾಕಿ ಮೊದಲು ನಮ್ಮಿಂದಲೇ ಹಣ ಕೇಳಿದ್ದುಂಟೇ?

ಮರಾಠಿಯ 'ಸೋಡತ' ಎಂಬುದು 'ಸೋಡಣೆ', ಅಂದರೆ ಬಿಡುವುದು, ಎಂಬುದರಿಂದ ಬಂದದ್ದು. 1969ರಲ್ಲಿ ಆರಂಭವಾದ ಮಹಾರಾಷ್ಟ್ರ ಲಾಟರಿಗೂ ಅದೇ ಹೆಸರು, ವಾಶಿಯನ್ನು ಕಟ್ಟಿದ ಸಿಡ್ಕೋದವರು ಮನೆ ಹಂಚುವಾಗಲೂ ಅದೇ ಹೆಸರು. ಅಲ್ಲಿ ಅರ್ಜಿ ಹಾಕಿದವನ ಹೆಸರು ಮಾತ್ರ ಏಳುತ್ತದೆ. ಏನನ್ನೂ ಕೊಳ್ಳದ, ಅರ್ಜಿಯನ್ನೇ ಹಾಕದ ಹುಡುಗನಿಗೆ ಕಾರು ಎಲ್ಲಿಂದ ಬಂದೀತು? (ಮಿಲ್ಲಿನ ಹಿರಿಯರಿಗೆ 'ಮಟಕಾ' ನೆನಪಿರಬೇಕು. ಗಡಿಗೆಯೆಂದಷ್ಟೇ ಅದರರ್ಥ. ಎಷ್ಟು ಜನರ ಪಗಾರ ಅದರೊಳಗೆ ಬಿತ್ತೋ!)

'ಅದೃಷ್ಟ' ಎಂದರೆ ಕಣ್ಣಿಗೆ ಕಾಣದ್ದು. ಎಷ್ಟು ಚೀಟಿ ಹಂಚಿದರು, ಯಾರಿಗೆ ಬಂತು ಎಂಬುದೇ ಇಲ್ಲಿ ಕಾಣದ್ದು. ಮಾರಾಟಕ್ಕಾಗಿ ನಡೆಸಿದ ಆಟದ ಫಲಿತಾಂಶವನ್ನು ಆಡಿದವರಿಂದ ಮುಚ್ಚಿಡುವುದೂ ಅದೇ ಕಾಯಿದೆಯಲ್ಲಿ ತಪ್ಪು.

ಇನ್ನು 'ತೆರಿಗೆ'. ನಗದು ಬಹುಮಾನ 10,000 ರೂಪಾಯಿ ಮೀರಿದರೆ ನೂರಕ್ಕೆ 30ರಂತೆ ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕಾರಿನಂಥ ವಸ್ತುವಾದರೆ ತೆರಿಗೆ ಸಂದ ಮೇಲೆಯೇ ಕೈಗೆ ಬರುವುದು ನಿಜ, ಮೋಸಗಾರ ಹಿಡಿದದ್ದು ಈ ಎಳೆಯನ್ನೇ. ಆದರೆ ಸರಕಾರದ ತೆರಿಗೆ ಯಾವನೋ ಒಬ್ಬನ ಸ್ವಂತ ಖಾತೆಗೆ ಹೋಗುವುದಿಲ್ಲ.

ನಾಚಿಕೆಯಿಂದ ಹುಡುಗ ಒಂಬತ್ತು ದಿನ ಬಾಯಿಬಿಡಲಿಲ್ಲ. ಕೂಡಲೇ 1930ಕ್ಕೆ ಫೋನು ಮಾಡಿದ್ದರೆ ಹಣವನ್ನು ತಡೆಹಿಡಿಯುವ ಸಂಭವವಿತ್ತು. ಅಂಗಡಿಯ ಜಾಹೀರಾತಿನ ದೂರಿಗೆ 1915 ಇದೆ.

ಮುಂದಿನ ಕೂಟಕ್ಕೆ ನಿಮ್ಮ ಬಳಿಯಿರುವ ಚೀಟಿಗಳನ್ನೆಲ್ಲ ತನ್ನಿ. ಹಿಂಬದಿಯ ಸಣ್ಣ ಅಕ್ಷರಗಳನ್ನು ಕೂಡಿಯೇ ಓದೋಣ. ಹಿರಿಯರು ಕನ್ನಡಕ ಮರೆಯಬಾರದು.