ಮಕ್ಕಳ ನಿದ್ದೆಗೆ ಮಿಠಾಯಿ ಬೇಡ
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತನಾಡುವವನು ಇಂದು ಮಕ್ಕಳ ನಿದ್ದೆಯ ವಿಷಯ ಎತ್ತಿದನೆಂದು ತಾವು ಆಶ್ಚರ್ಯಪಡಬಹುದು. ಕಾರಣವುಂಟು. ಮೊನ್ನೆ ತಾಯಿಯೊಬ್ಬರು ಗೂಡಿನಿಂದ ಡಬ್ಬಿಯೊಂದನ್ನು ತೆಗೆದು, "ಅಮೆರಿಕದಿಂದ ಮೈದುನ ತಂದದ್ದು. ಮಗು ರಾತ್ರಿ ಹತ್ತಾದರೂ ಮಲಗುವುದಿಲ್ಲ. ಕೊಡಬಹುದೇ ಸ್ವಾಮಿ?" ಎಂದು ಕೇಳಿದರು. ಅದರಲ್ಲಿದ್ದುದು ಹಣ್ಣಿನ ರುಚಿಯ ಮೆಲಟೋನಿನ್ ಮಿಠಾಯಿ.

ಮೆಲಟೋನಿನ್ ಒಂದು ಹಾರ್ಮೋನು. ಕತ್ತಲಾದಾಗ ಮಿದುಳಿನ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಅದನ್ನು ತಾನೇ ಒಸರಿಸುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಒಸರುವುದು ತಗ್ಗುತ್ತದೆ. 1958ರಲ್ಲಿ ಅಮೆರಿಕದ ವೈದ್ಯ ಆರನ್ ಲರ್ನರ್ ಇದನ್ನು ಮೊದಲು ಬೇರ್ಪಡಿಸಿದ್ದು ದನಗಳ ಗ್ರಂಥಿಯಿಂದಲೇ.

ಆ ದೇಶದಲ್ಲಿ ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುತ್ತಾರೆ. ಅಲ್ಲಿನ 25 ಬಗೆಯ ಮಿಠಾಯಿಗಳನ್ನು ಪರೀಕ್ಷಿಸಿದ ವರದಿ 2023ರಲ್ಲಿ ಪ್ರಕಟವಾಯಿತು. 22ರಲ್ಲಿ ಹೊರಗೆ ಬರೆದ ಪ್ರಮಾಣಕ್ಕೂ ಒಳಗಿದ್ದುದಕ್ಕೂ ತಾಳೆಯಿರಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇಲ್ಲ. ಇನ್ನೊಂದರಲ್ಲಿ ಬರೆದುದರ ಮೂರು ಪಟ್ಟಿಗೂ ಹೆಚ್ಚು. ಗೊಬ್ಬರದ ಚೀಲ ಹೀಗಿದ್ದರೆ ನಾವು ಹೊಲಕ್ಕೆ ಹಾಕುತ್ತೇವೆಯೇ?

ಮಕ್ಕಳು ಇದನ್ನು ತಿಂದರೆಂದು ಅಲ್ಲಿನ ವಿಷಚಿಕಿತ್ಸಾ ಕೇಂದ್ರಗಳಿಗೆ 2012ರಲ್ಲಿ ಬಂದ ದೂರುಗಳು 8,337, 2021ರಲ್ಲಿ 52,563. ಹೆಚ್ಚಿನ ಮಕ್ಕಳಿಗೆ ಏನೂ ಆಗಲಿಲ್ಲ, ನಿಜ. ಆದರೆ ಆ ಹತ್ತು ವರ್ಷಗಳಲ್ಲಿ ಕೆಲವರು ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು.

ಇದು ಕೇವಲ ವಿಷವೆಂದು ನಾನು ಹೇಳುತ್ತಿಲ್ಲ. ಆಟಿಸಂ ಮುಂತಾದ ತೊಂದರೆಯುಳ್ಳ ಕೆಲವು ಮಕ್ಕಳಿಗೆ ವೈದ್ಯರು ಅಳತೆ ನೋಡಿ ಕೊಡುವುದುಂಟು. ಆದರೆ ವರ್ಷಗಟ್ಟಲೆ ಕೊಟ್ಟರೆ ಮಗುವಿನ ಬೆಳವಣಿಗೆಗೆ ಬಾಧೆಯಿಲ್ಲವೆಂದು ಇನ್ನೂ ಖಚಿತವಾಗಿಲ್ಲ. ಆದುದರಿಂದ ವೈದ್ಯರನ್ನು ಕೇಳದೆ ಕೊಡಕೂಡದು.

ಮೊದಲು ಕಾಸಿಲ್ಲದ ಉಪಾಯಗಳನ್ನು ಮಾಡಿ ನೋಡಿರಿ:

1. ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ.
2. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಮೊಬೈಲು, ಟೀವಿ ನಿಲ್ಲಿಸಿ ದೀಪ ತಗ್ಗಿಸಿರಿ.
3. ಸಂಜೆಯ ಮೇಲೆ ಮಕ್ಕಳಿಗೆ ಚಹಾ, ಕಾಫಿ ಬೇಡ.
4. ಹಗಲು ಬಿಸಿಲಿನಲ್ಲಿ ಆಡಲು ಬಿಡಿರಿ.
5. ಗೊರಕೆ ಇದ್ದರೆ, ಅಥವಾ ಜಂತುಹುಳುವಿನಿಂದ ರಾತ್ರಿ ಆಸನದಲ್ಲಿ ತುರಿಕೆಯಿದ್ದರೆ ವೈದ್ಯರಿಗೆ ತೋರಿಸಿರಿ.

ಮಗು ತಿಳಿಯದೆ ಇಂಥದನ್ನು ತಿಂದರೆ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿರಿ.

ಆ ಮನೆಯಲ್ಲಿ ಡಬ್ಬಿಯಿದ್ದ ಗೂಡು ಮಗುವಿನ ಕೈಗೆ ಎಟಕುವಂತಿತ್ತು. ಮಗುವಿನ ಕೈಯಲ್ಲಿ ಮೊಬೈಲು ಇತ್ತು. ಈಗ ಡಬ್ಬಿ ಬೀಗದೊಳಗಿದೆ, ಮೊಬೈಲು ಎಂಟಕ್ಕೇ ಅಪ್ಪನ ಜೇಬು ಸೇರುತ್ತದೆ. ಒಂಬತ್ತಕ್ಕೆ ಮಗು ಮಲಗುತ್ತಿದೆಯೆಂದು ತಾಯಿ ಹೇಳಿದರು. ತಮ್ಮ ಮನೆಯ ಗೂಡನ್ನೂ ಇಂದೇ ಒಮ್ಮೆ ನೋಡಿರಿ.