ಸೂಜಿಗೂ ಊಟಕ್ಕೂ ಇರುವ ಲೆಕ್ಕ



ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ನಮ್ಮ ಲೈನುಗಳಲ್ಲಿಯೂ ಇದ್ದಾರೆ. ಅನ್ನ, ಮರಗೆಣಸು, ಚಪಾತಿ, ಬೆಲ್ಲ ರಕ್ತದ ಸಕ್ಕರೆಯನ್ನು ಏರಿಸುತ್ತವೆ, ಇನ್ಸುಲಿನ್ ಇಳಿಸುತ್ತದೆ. ಎರಡೂ ಸರಿದೂಗಬೇಕು.

ಅಳತೆಯ ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟವಿದೆ. ಊಟದ ಮುಂಚಿನ ಇನ್ಸುಲಿನ್ 15 ಗ್ರಾಂಗೆ 1 ಯೂನಿಟ್ ಎಂದು ವೈದ್ಯರು ಒಬ್ಬರಿಗೆ ಹೇಳಿದ್ದರೆ, ಆ ಕಪ್ಪಿಗೆ 3 ಯೂನಿಟ್. ಇದು ಉದಾಹರಣೆ ಮಾತ್ರ. ನಿಮ್ಮ ಲೆಕ್ಕವನ್ನು ಮಾನಂದವಾಡಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಕೇಳಿ ಬರೆಸಿಕೊಳ್ಳಿ. ದಿನಕ್ಕೆ ಎರಡು ಸಲ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರು ನಿತ್ಯವೂ ಅದೇ ಹೊತ್ತಿಗೆ, ಅಷ್ಟೇ ಊಟ ಮಾಡಬೇಕು.

ಚುಚ್ಚಿಸಿಕೊಂಡು ಬರೀ ಚಹಾ ಕುಡಿದು ಗುಡ್ಡ ಹತ್ತುವುದು ಅಪಾಯ. ಎಲೆ ತೂಕ ತಡವಾದರೂ ಇವರ ಊಟ ತಡವಾಗಬಾರದು. ಇದನ್ನು ಸಂಘದ ಮೂಲಕ ಮೇಸ್ತ್ರಿಗೆ ಹೇಳೋಣ. ಇಂಥವರಿಗೆ ಬೆವರು, ನಡುಕ, ತೊದಲು ಮಾತು ಬಂದರೆ ಕುಡಿದಿದ್ದಾರೆಂದು ನಗಬೇಡಿ. ಸಣ್ಣ ಚಮಚದಲ್ಲಿ 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಿ.

ಶುಭ ಶುಕ್ರವಾರವೆಂದು ಇನ್ಸುಲಿನ್ ಚುಚ್ಚಿಸಿಕೊಂಡು ಉಪವಾಸ ಕೂರಬೇಡಿ. ಉಪವಾಸಕ್ಕಾಗಿ ಇನ್ಸುಲಿನ್ ಬಿಡುವುದೂ ಪ್ರಾಣಕ್ಕೆ ಕುತ್ತು. ರೋಗಿಗಳಿಗೆ ಧರ್ಮಸಭೆಯೇ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಆರೋಗ್ಯವಂತರೇ, ನಿಮ್ಮ ತಪಸ್ಸಿನ ಜೊತೆಗೆ ಪಕ್ಕದ ಮನೆಯ ರೋಗಿಯ ಊಟದ ಹೊತ್ತನ್ನೂ ಕಾಯಿರಿ. ಅದು ದೇವರು ಮೆಚ್ಚುವ ಸೇವೆ.